ಸವೆದ ಸಾಲು

ಗುಂಡಿ ಒತ್ತಿದ ಮೇಲೆ ಹಾಡು ತೊಡಗುವ ತನಕ ಸ್ವಲ್ಪ ಹೊತ್ತು ಇರುತ್ತಿತ್ತು. ಅದನ್ನು ಮೌನ ಎನ್ನುವಂತಿಲ್ಲ. ದೂರದಲ್ಲೆಲ್ಲೋ ಸಣ್ಣಗೆ ಮಳೆ ಹಿಡಿದಂತೆ, ಒಲೆಯ ಮೇಲಿನ ನೀರು ಕುದಿಗೆ ಬರುವ ಮುನ್ನ ಉಸಿರೆಳೆದಂತೆ, ಸುಯ್ಯೆನ್ನುವ ಸದ್ದೊಂದು ನಡುಮನೆಯಲ್ಲಿ ಹರಡಿಕೊಳ್ಳುತ್ತಿತ್ತು. ಧ್ವನಿಸುರುಳಿಯ ಕಾಲದಲ್ಲಿ ಬೆಳೆದ ನಮಗೆ ಆ ಸದ್ದು ಬೇರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಅಷ್ಟರಮಟ್ಟಿಗೆ ಅದು ಹಾಡಿನ ನೆಲವೇ ಆಗಿತ್ತು. ಅದೊಂದು ಇತ್ತೆಂದು ತಿಳಿದದ್ದು ಅದು ಇಲ್ಲವಾದ ಮೇಲೆ. ಸುರುಳಿಯಲ್ಲಿ ಕೇಳಿದ್ದ ಹಾಡೊಂದನ್ನು ಎಷ್ಟೋ ವರ್ಷಗಳ ನಂತರ ಸೀಡಿಯಲ್ಲಿ ಮೊದಲ ಸಲ ಕೇಳಿದಾಗ, ಶೂನ್ಯದೊಳಗಿಂದ ಕಂಠ ನೇರವಾಗಿ ಎದ್ದುಬಂತು. ಎಲ್ಲವೂ ಸ್ಪಷ್ಟ, ಎಲ್ಲವೂ ನಿರ್ಮಲ. ಆದರೂ ಯಾರೋ ಬಾಗಿಲು ತಟ್ಟದೆ ಒಳಗೆ ಬಂದುಬಿಟ್ಟ ಹಾಗೆ ಒಂದು ಕ್ಷಣ ಬೆಚ್ಚಿದ್ದೆ.

ಅಕ್ಕ ಹಾಡು ಕಲಿತದ್ದು ಆ ಸದ್ದಿನ ಜೊತೆಯಲ್ಲಿಯೇ. 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆಗಳ ಧ್ವನಿಸುರುಳಿ ಹೊರಬಂದ ಮೇಲೆ ಕನ್ನಡದ ಕವಿತೆಗಳು ಧ್ವನಿಸುರುಳಿಗಳಾಗಿ ಮನೆಮನೆಗೆ ಬರತೊಡಗಿದವು. ಅಲ್ಲಿಯವರೆಗೆ ಗ್ರಾಮೊಫೋನ್ ಇಲ್ಲದ ಮನೆಗಳಲ್ಲಿ ಭಾವಗೀತೆ ಕೇಳಬೇಕೆಂದರೆ ಆಕಾಶವಾಣಿಯ ಪ್ರಸಾರದ ಹೊತ್ತಿಗೆ ಕಾದು ಕೂರಬೇಕಿತ್ತು. ಒಮ್ಮೆ ಹರಿದುಹೋದ ಸಾಲನ್ನು ಮರಳಿ ಕರೆಯುವಂತಿರಲಿಲ್ಲ. ಸುರುಳಿ ಬಂದ ಮೇಲೆ ಕರೆಯಬಹುದಾಯಿತು. ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಗೆ ಟೂ-ಇನ್-ಒನ್ ಬಂದಾಗ ಅಕ್ಕ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೆ ಗುರುಗಳಿರಲಿಲ್ಲ, ಹಾರ್ಮೋನಿಯಂ ಇರಲಿಲ್ಲ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಅದೇ ಸಾಲು. ಪಕ್ಕವಾದ್ಯದ ಪೀಠಿಕೆಯಿಲ್ಲದೆ ಬರಿಯ ಕಂಠದಿಂದಲೇ ಮೊದಲಾಗುವ ಹಾಡೊಂದು ಅವಳು ಕೇಳುತ್ತಿದ್ದ ಸುರುಳಿಯಲ್ಲಿತ್ತು. ಅದರ ಎರಡನೆಯ ಚರಣದಲ್ಲಿ ಒಂದು ಸಾಲು ಮೇಲಕ್ಕೇರಿ, ಇಳಿಯುವ ಮೊದಲು ಒಂದು ಸ್ವರದ ಸುತ್ತ ನವಿರಾಗಿ ಮಡಚಿಕೊಳ್ಳುತ್ತಿತ್ತು. ಆ ಮಡಿಕೆ ಅಕ್ಕನ ಕಂಠಕ್ಕೆ ಒಗ್ಗಲಿಲ್ಲ. ಒಂದಿಡೀ ಆಷಾಢ, ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ, ಗುಂಡಿಯ ಟಕ್ ಎಂಬ ಸದ್ದು, ಸುರುಳಿ ಹಿಂದಕ್ಕೆ ಓಡುವ ಸರಸರ, ಮತ್ತೆ ಟಕ್, ಮತ್ತೆ ಆ ಸಾಲು, ಅದರ ಹಿಂದೆಯೇ ಅಕ್ಕನ ದನಿ. ಮನೆಯವರೆಲ್ಲರ ಬಾಯಿಗೂ ಆ ಸಾಲು ಬಂದುಹೋಗಿತ್ತು, ಅವಳೊಬ್ಬಳನ್ನು ಬಿಟ್ಟು.

ಈಗ ಅವಳ ಮಗ ಬೆಂಗಳೂರಿನಲ್ಲಿ ಒಂದು ಕೋಣೆಯಲ್ಲಿ ಕೂತು ಗಣಕದಲ್ಲಿ ಸಂಗೀತ ಕಟ್ಟುತ್ತಾನೆ. ಸಂಜೆಯ ಹೊತ್ತಿನ, ಅವಸರವಿಲ್ಲದ, ಮಾತಿಲ್ಲದ ಸಣ್ಣ ಸಣ್ಣ ರಚನೆಗಳು. ಕಳೆದ ವರ್ಷ ಒಂದನ್ನು ಕೇಳಿಸಿದ. ಮೊದಲ ಕ್ಷಣದಲ್ಲೇ ನನ್ನ ಮೈ ನಿಂತುಹೋಯಿತು. ಅದೇ ಸುಯ್ಯೆನ್ನುವ ಸದ್ದು. ಅದರ ಮೇಲೆ ಹಳೆಯ ಗ್ರಾಮೊಫೋನ್ ತಟ್ಟೆಯ ಚಿಟಪಟ. ಸ್ವರಗಳು ಸುರುಳಿ ತುಸು ಎಳೆದಾಡಿದಂತೆ ತೂಗುತ್ತಿದ್ದವು. ಎಲ್ಲಿಂದ ತಂದೆ ಎಂದು ಕೇಳಿದೆ. “ಇದು ಟೇಪಿನ ಎಫೆಕ್ಟ್ ಮಾವ, ನಾನೇ ಹಾಕಿದ್ದು” ಎಂದ. ತೆರೆಯ ಮೇಲೆ ಪುಟ್ಟ ತಿರುಗುಣಿಗಳ ಚಿತ್ರವಿತ್ತು. ಧೂಳಿಗೊಂದು, ಗೀರಿಗೊಂದು, ಸವಕಲಿಗೊಂದು. ಬೇಕಾದಷ್ಟು ತಿರುಗಿಸಿಕೊಳ್ಳಬಹುದು. ಯಾಕೆ ಬೇಕು ಇದು ಎಂದೆ. ಅವನು ಸ್ವಲ್ಪ ಯೋಚಿಸಿ, “ಪೂರ್ತಿ ಕ್ಲೀನಾಗಿದ್ರೆ ಹಾಡು ಎಲ್ಲೂ ಇಲ್ಲದ ಹಾಗೆ ಅನ್ಸತ್ತೆ. ಇದನ್ನ ಹಾಕಿದ್ರೆ ಒಂದು ಜಾಗದಲ್ಲಿ ಇರೋ ಹಾಗಾಗತ್ತೆ” ಎಂದ.

ಅವನ ಮಾತು ಸರಿ ಎಂದೇ ನನಗೆ ತೋರುತ್ತದೆ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲು ಇಡುತ್ತಾರಲ್ಲ, ಅದು ಇಲ್ಲದಿದ್ದರೂ ತಂತಿ ಶುದ್ಧವಾಗಿಯೇ ಮಿಡಿಯುತ್ತದೆ. ನೂಲನ್ನು ಹದವಾದ ಜಾಗಕ್ಕೆ ಸರಿಸಿದಾಗ ಮಾತ್ರ ಆ ಝೇಂಕಾರ ಹುಟ್ಟುತ್ತದೆ, ತಂತಿಗೆ ಜೀವ ಬಂತು ಎನ್ನುತ್ತೇವೆ. ಬರಿಯ ಶುದ್ಧಿಯೊಂದೇ ಕಿವಿಗೆ ಸಾಲದು ಎಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಹಾಗಿದ್ದೂ ಹುಡುಗನ ರಚನೆಯನ್ನು ಎರಡು ಮೂರು ಸಲ ಕೇಳಿದ ಮೇಲೆ ಒಂದು ವಿಷಯ ಮನಸ್ಸಿಗೆ ಬಂತು. ಅವನ ಚಿಟಪಟ ಎಂಟು ಸೆಕೆಂಡಿಗೊಮ್ಮೆ ಮರಳಿ ಬರುತ್ತಿತ್ತು. ಅದೇ ಧೂಳು, ಅದೇ ಗೀರು, ಅದೇ ಕ್ರಮ. ನಾಳೆ ಕೇಳಿದರೂ ಹತ್ತು ವರ್ಷ ಬಿಟ್ಟು ಕೇಳಿದರೂ ಆ ತಟ್ಟೆಯ ಮೇಲೆ ಇನ್ನೊಂದು ಗೀರು ಬೀಳುವುದಿಲ್ಲ. ಅದು ಹಳತರ ಸದ್ದು ಹೌದು, ಆದರೆ ಅದಕ್ಕೆ ಇನ್ನು ವಯಸ್ಸಾಗುವುದಿಲ್ಲ.

ಈ ಸದ್ದು ನಿಜವಾಗಿ ಏನೆಂದು ಯೋಚಿಸಿದರೆ ಮನಸ್ಸು ಮೃದುವಾಗುತ್ತದೆ. ಸುರುಳಿಯ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ, ಸೂಜಿಯಾಕಾರದ ಅತಿ ಸಣ್ಣ ಕಣಗಳನ್ನು ಬಳಿದಿರುತ್ತಾರೆ. ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಹಾಡು ಅವನ್ನು ಒಂದು ವಿನ್ಯಾಸಕ್ಕೆ ತಿರುಗಿಸುತ್ತದೆ. ಹಾಡಿಲ್ಲದ ಕಡೆ ಅವು ದಿಕ್ಕುದೆಸೆಯಿಲ್ಲದೆ ಹರಡಿಕೊಂಡಿರುತ್ತವೆ. ಆ ಅವ್ಯವಸ್ಥೆಯೇ ನಮಗೆ ಸುಯ್ಯೆಂದು ಕೇಳುವುದು. ಧ್ವನಿಮುದ್ರಣ ಮಂದಿರಗಳ ದೊಡ್ಡ ಯಂತ್ರಗಳಲ್ಲಿ ಅಗಲವಾದ ಪಟ್ಟಿ ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಕಣಗಳು ಅಸಂಖ್ಯವಾಗಿದ್ದುದರಿಂದ ಅವುಗಳ ಗೊಣಗು ಅಡಗಿಹೋಗುತ್ತಿತ್ತು. ಫಿಲಿಪ್ಸ್ ಸಂಸ್ಥೆಯ ಲೌ ಓಟೆನ್ಸ್, ಕೋಟಿನ ಜೇಬಿನಲ್ಲಿ ಹಿಡಿಯುವ ಮರದ ತುಂಡೊಂದನ್ನು ಅಳತೆಯಾಗಿ ಇಟ್ಟುಕೊಂಡು, 1963ರಲ್ಲಿ ಪುಟ್ಟ ಸುರುಳಿಯನ್ನು ಲೋಕಕ್ಕೆ ಕೊಟ್ಟಾಗ ಪಟ್ಟಿಯ ಅಗಲ 4 ಮಿಲಿಮೀಟರಿಗೂ ಕಡಿಮೆಯಾಯಿತು, ವೇಗ ಸೆಕೆಂಡಿಗೆ 4.76 ಸೆಂಟಿಮೀಟರಿಗೆ ಇಳಿಯಿತು. ಹಾಡು ಬಡವರ ಮನೆಗೂ ಬಂತು. ಅದರ ಜೊತೆಗೆ ಕಣಗಳ ಗೊಣಗೂ ಬಂತು. ಅದನ್ನು ಅಡಗಿಸಲು ಎಷ್ಟು ಜನ ಎಷ್ಟು ವರ್ಷ ದುಡಿದರು! ಅವರಲ್ಲಿ ಮೊದಲ ಹೆಸರು ರೇ ಡಾಲ್ಬಿಯದು. 1963ರಿಂದ ಎರಡು ವರ್ಷ ಅವರು ವಿಶ್ವಸಂಸ್ಥೆಯ ಸಲಹೆಗಾರರಾಗಿ ನಮ್ಮ ದೇಶದಲ್ಲೇ ಇದ್ದರು. 1965ರಲ್ಲಿ ಇಂಗ್ಲೆಂಡಿಗೆ ಮರಳಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯ ತೆರೆದರು. ಮುದ್ರಿಸಿಕೊಳ್ಳುವಾಗ ಕ್ಷೀಣವಾದ ತಾರಧ್ವನಿಗಳನ್ನು ಎತ್ತರಿಸಿ, ಕೇಳಿಸುವಾಗ ಅಷ್ಟೇ ತಗ್ಗಿಸುವ ಅವರ ಉಪಾಯದಲ್ಲಿ ಹಾಡು ತನ್ನ ಮಟ್ಟಕ್ಕೆ ಬರುತ್ತದೆ, ಸದ್ದು ಮಾತ್ರ ಕೆಳಕ್ಕೆ ಇಳಿಯುತ್ತದೆ. ಅದಕ್ಕೂ ಹಿಂದಿನ ಗ್ರಾಮೊಫೋನ್ ತಟ್ಟೆಗಳ ಚಿಟಪಟಕ್ಕೆ ಬೇರೆಯೇ ಮೂಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳು ಅರಗಿನವು, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಗೆ ಉಜ್ಜಿ ಉಜ್ಜಿ ಗೀರಿನ ಆಕಾರಕ್ಕೆ ತಾನೇ ಸವೆದುಕೊಳ್ಳಲಿ ಎಂಬುದು ಉದ್ದೇಶ. ಮುಳ್ಳು ತಟ್ಟೆಯನ್ನು ಸವೆಸುತ್ತಿತ್ತು, ತಟ್ಟೆ ಮುಳ್ಳನ್ನು ಸವೆಸುತ್ತಿತ್ತು, ಇಬ್ಬರ ನಡುವಿನ ಆ ಸವೆತದಿಂದ ಮೂರು ನಿಮಿಷದ ಹಾಡು ಹುಟ್ಟುತ್ತಿತ್ತು.

ಅಂದರೆ ಕೇಳುವುದಕ್ಕೆ ಆಗ ಒಂದು ವೆಚ್ಚವಿತ್ತು. ಹಣದ ಮಾತಲ್ಲ. ಒಂದು ಹಾಡನ್ನು ಒಂದು ಸಲ ಕೇಳಿದರೆ ಆ ಹಾಡು ಎಲ್ಲೋ ಒಂದು ಎಳೆಯಷ್ಟು ಕಡಿಮೆಯಾಗುತ್ತಿತ್ತು. ಪ್ರೀತಿಸಿದ ಹಾಡು ಬೇಗ ಸವೆಯುತ್ತಿತ್ತು. ಯಾರೂ ಕೇಳದ ಹಾಡು ಹೊಸತಾಗಿಯೇ ಉಳಿಯುತ್ತಿತ್ತು. ಹಳೆಯ ಸುರುಳಿಗಳ ಪೆಟ್ಟಿಗೆ ತೆರೆದು ಒಂದೊಂದನ್ನೇ ಹಾಕಿ ನೋಡಿದರೆ, ಆ ಮನೆಯವರು ಯಾವುದನ್ನು ಎಷ್ಟು ಬಯಸಿದ್ದರು ಎಂಬುದನ್ನು ಯಾರನ್ನೂ ಕೇಳದೆ ತಿಳಿಯಬಹುದು. ಈಗ ಒಂದು ಹಾಡನ್ನು ಎಷ್ಟು ಜನ ಕೇಳಿದರೆಂಬ ಸಂಖ್ಯೆ ಅದರ ಕೆಳಗೇ ಬರೆದಿರುತ್ತದೆ. ಲೆಕ್ಕ ಹಾಡಿನ ಹೊರಗಿದೆ. ಹಾಡಿನ ಮೈಮೇಲೆ ಅದರ ಗುರುತಿಲ್ಲ.

ಅಕ್ಕನ ಸುರುಳಿಯನ್ನು ಸೋದರಳಿಯನ ಕೋಣೆಗೆ ಕೊಂಡೊಯ್ದದ್ದು ಇತ್ತೀಚೆಗೆ. ಅವನು ಎಲ್ಲಿಂದಲೋ ಒಂದು ಹಳೆಯ ಡೆಕ್ ಸಂಪಾದಿಸಿಟ್ಟಿದ್ದ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಪಟ್ಟಿ ಉಜ್ಜಿ ಸಾಗುವ ಅದರ ಹೆಡ್ ಒರೆಸಿದಾಗ ಹತ್ತಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಯಾರು ಯಾರೋ ಕೇಳಿದ ಯಾವ ಯಾವುದೋ ಹಾಡುಗಳ ಪುಡಿ ಅದು. ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ಸುರುಳಿ ಓಡಿತು. ಎರಡನೆಯ ಚರಣಕ್ಕೆ ಬಂದಾಗ, ಆ ಮಡಿಕೆಯ ಸಾಲಿನಲ್ಲಿ, ಕಂಠ ಥಟ್ಟನೆ ಮಂಕಾಯಿತು. ಗಾಯಕಿ ಎರಡು ಹೆಜ್ಜೆ ಹಿಂದೆ ಸರಿದು ಪರದೆಯ ಆಚೆಯಿಂದ ಹಾಡಿದಂತೆ. ಸಾಲು ಮುಗಿಯುತ್ತಲೇ ಮತ್ತೆ ಮುಂದೆ ಬಂದಳು. ತಾರಧ್ವನಿಗಳು ಪಟ್ಟಿಯ ತೀರ ಮೇಲ್ಪದರದಲ್ಲಿ ಮಾತ್ರ ನೆಲೆಸಿರುವುದರಿಂದ, ಹೆಡ್ಡಿಗೆ ಉಜ್ಜಿದಾಗ ಮೊದಲು ಹೋಗುವವು ಅವೇ. ಆ ಸಾಲು ಸುಮಾರು ಆರು ಸೆಕೆಂಡಿನದು. ಪಟ್ಟಿಯಲ್ಲಿ ಅದರ ಉದ್ದ ಸುಮಾರು 29 ಸೆಂಟಿಮೀಟರ್, ಒಂದೂಕಾಲು ಗೇಣು. ಆ ಆಷಾಢವೆಲ್ಲ ಆ ಒಂದೂಕಾಲು ಗೇಣಿನಲ್ಲಿತ್ತು. ಗಾಯಕಿಯ ದನಿ ಅಳಿಸಿದ ಕಡೆಯಲ್ಲಿ ಅಕ್ಕನ ಪ್ರಯತ್ನ ಮುದ್ರಿತವಾಗಿತ್ತು.

“ಇಲ್ಲಿ ಹೋಗ್ಬಿಟ್ಟಿದೆ ಮಾವ. ನೆಟ್‌ನಲ್ಲಿ ಇದೇ ಹಾಡು ಚೆನ್ನಾಗಿರೋದು ಇದೆ, ಆ ಸಾಲನ್ನ ಅಲ್ಲಿಂದ ತಂದು ಜೋಡಿಸ್ಲಾ? ಹಿಸ್ ಕೂಡ ತೆಗೀಬಹುದು” ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಬೇಡ ಎಂದೆ, ಯಾಕೆಂದು ಹೇಳಿದೆ. ಅವನ ತಾಯಿ ಈ ಒಂದು ಸಾಲಿಗಾಗಿ ಮಳೆಗಾಲವೆಲ್ಲ ಕೂತಿದ್ದಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಆ ಆರು ಸೆಕೆಂಡನ್ನು ಮತ್ತೆ ಕೇಳಿದ. ಬಹಳ ಹೊತ್ತು ಮಾತಾಡಲಿಲ್ಲ.

ಅಂದೇ ಇನ್ನೊಂದು ಸಂಗತಿಯೂ ಕಿವಿಗೆ ಬಿತ್ತು. ಅವನ ಹೆಡ್‌ಫೋನಿನಲ್ಲಿ ಸುರುಳಿಯ ಮೊದಲನ್ನು ಕೇಳುತ್ತಿದ್ದಾಗ, ಕಂಠ ಏಳುವುದಕ್ಕೆ ಸುಮಾರು ಮೂರು ಸೆಕೆಂಡು ಮುಂಚೆ, ಆ ಸುಯ್ಲಿನ ಅಡಿಯಲ್ಲಿ ಅದೇ ಕಂಠದ ಛಾಯೆಯೊಂದು ಹಾದುಹೋಯಿತು. ಭ್ರಮೆಯೆಂದುಕೊಂಡು ಮತ್ತೆ ಕೇಳಿದೆ, ಇತ್ತು. ಸುತ್ತಿಟ್ಟ ಪಟ್ಟಿಯಲ್ಲಿ ಒಂದು ಪದರ ಇನ್ನೊಂದರ ಬೆನ್ನಿಗೆ ಅಂಟಿಕೊಂಡು ವರ್ಷಗಟ್ಟಲೆ ಮಲಗಿರುತ್ತದೆ. ಒಳಗಿನ ಸುತ್ತಿನಲ್ಲಿರುವ ಹಾಡು ತನ್ನ ಕಾಂತದಿಂದ ಹೊರಗಿನ ಸುತ್ತಿಗೂ ಕ್ಷೀಣವಾಗಿ ಇಳಿಯುತ್ತದೆ. ಹಾಗಾಗಿ ಹಾಡು ಬರುವುದಕ್ಕೆ ಒಂದು ಸುತ್ತು ಮೊದಲೇ ಅದರ ನೆರಳು ಬಂದುಹೋಗುತ್ತದೆ. ತುಂಬಿದ ಸುರುಳಿಯ ಹೊರಸುತ್ತಿಗೆ ಮೂರು ಸೆಕೆಂಡು ಬೇಕು, ಒಳಸುತ್ತಿಗೆ ಒಂದೂವರೆ. ನೆರಳು ಎಂದರೆ ಕಳೆದುಹೋದದ್ದರದು ಎಂದೇ ನಾನು ತಿಳಿದಿದ್ದೆ. ಇನ್ನೂ ಬರಬೇಕಾದದ್ದರ ನೆರಳು ಕೇಳಿದ್ದು ಅದೇ ಮೊದಲು. ಆಗ ಹಳೆಯದೊಂದು ಸೋಜಿಗ ನೆನಪಾಯಿತು. ಪೀಠಿಕೆಯಿಲ್ಲದ ಆ ಹಾಡನ್ನು ಅಕ್ಕ ಸುರುಳಿಯ ಜೊತೆ ಹಾಡುವಾಗ, ಎಣಿಕೆಯಿಲ್ಲದೆ, ಸಂಜ್ಞೆಯಿಲ್ಲದೆ, ಗಾಯಕಿ ಬಾಯಿ ತೆರೆದ ಕ್ಷಣಕ್ಕೇ ಸರಿಯಾಗಿ ತಾನೂ ತೊಡಗುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, “ಗೊತ್ತಾಗತ್ತೆ ಕಣೋ” ಎನ್ನುತ್ತಿದ್ದಳು, ಅಷ್ಟೇ.

ಸೋದರಳಿಯ ಸುರುಳಿಯನ್ನು ಇದ್ದಂತೆಯೇ ನನ್ನ ಮೊಬೈಲಿಗೆ ಇಳಿಸಿಕೊಟ್ಟ. ಹಾಡನ್ನು ಅಕ್ಕನಿಗೆ ಕೇಳಿಸಬೇಕು, ಅದಕ್ಕೆ ಒಂದು ಇಯರ್‌ಫೋನ್ ಬೇಕು. ಬೆಲೆ ಹೆಚ್ಚಿನದಾದರೆ ಅವಳು ಬೀರುವಿನಲ್ಲಿ ಜೋಪಾನವಾಗಿ ಎತ್ತಿಡುತ್ತಾಳೆ ವಿನಾ ಬಳಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿನೋಡಲು ಬಿಟ್ಟರು. ತಂತಿಯಿರುವುದನ್ನೇ ಕೇಳಿದೆ. ಕಡಿಮೆ ಬೆಲೆಯಲ್ಲಿ ತಂತಿಯಿಲ್ಲದ್ದನ್ನು ಕೊಂಡರೆ ಕೊಟ್ಟ ಹಣವೆಲ್ಲ ಬ್ಯಾಟರಿಗೆ, ಒಳಗಿನ ಪುಟ್ಟ ರೇಡಿಯೋಗೆ ಹಂಚಿಹೋಗುತ್ತದೆ. ಆ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋತ ಮೇಲೆ ಉಳಿದದ್ದೂ ಅದರೊಡನೆ ಹೋಗುತ್ತದೆ. ತಂತಿಯದರಲ್ಲಿ ಇರುವುದು ಒಂದು ಅಯಸ್ಕಾಂತ, ಸುತ್ತಿಟ್ಟ ತಾಮ್ರದ ತಂತಿ, ಕಿರುಬೆರಳ ಉಗುರಿನಷ್ಟು ಅಗಲದ ಒಂದು ಪೊರೆ. ಹಣ ಅಲ್ಲಿಗೇ ಹೋಗುತ್ತದೆ. ಕಾಂತದಿಂದ ಹುಟ್ಟಿದ ಹಾಡು ಕಾಂತದಲ್ಲೇ ಬಿಡುಗಡೆಯಾಗಲಿ ಎಂಬ ಆಸೆಯೂ ಒಳಗೆ ಇತ್ತು.

ಅಂಗಡಿಯ ಹುಡುಗ ತಾಳದಬ್ಬರದ ಸಿನಿಮಾ ಹಾಡೊಂದನ್ನು ಹಚ್ಚಲು ಹೋದ. ನಾನು ಅಕ್ಕನ ಸುರುಳಿಯ ಹಾಡನ್ನೇ ಹಚ್ಚಿ, ಕಂಠ ಏಳುವ ಮುಂಚಿನ ಮೂರು ಸೆಕೆಂಡುಗಳಿಗೆ ಮೊದಲು ಕಿವಿಗೊಟ್ಟೆ. ಹಾಡಿನಲ್ಲಿ ಸ್ವರಗಳು ಬಂದು ಹೋಗುತ್ತವೆ, ಕಿವಿ ಅವುಗಳ ಹಿಂದೆ ಓಡುತ್ತದೆ. ಆ ಸುಯ್ಲಿನಲ್ಲಾದರೋ ಎಲ್ಲ ಕಂಪನಗಳೂ ಒಮ್ಮೆಗೇ, ಒಂದೇ ಸಮನೆ ಇರುತ್ತವೆ. ಕೇಳಿಸುವ ಸಾಧನ ತನ್ನದೇ ಬಣ್ಣ ಬೆರೆಸಿದರೆ ಅಲ್ಲಿ ಕೂಡಲೇ ತಿಳಿಯುತ್ತದೆ. 350 ರೂಪಾಯಿಯದರಲ್ಲಿ ಆ ಸದ್ದಿಗೆ ಕಂಬಳಿ ಹೊದಿಸಿದಂತಿತ್ತು. ಮಂದ್ರವನ್ನು ಬಲವಂತವಾಗಿ ಉಬ್ಬಿಸಿದ್ದರಿಂದ ಗಾಯಕಿಯ ದನಿಗೂ ನೆಗಡಿಯಾದಂತೆ ಕೇಳಿತು. 1,800ರದು ಬೇರೆಯೇ ಅತಿ. ಸದ್ದು ಸೂಜಿಯಂತೆ ಚುಚ್ಚಿತು, ಸಕಾರಗಳೆಲ್ಲ ಸೀಳಿದವು. 700 ರೂಪಾಯಿಯದರಲ್ಲಿ ಸುಯ್ಲು ಸುಯ್ಲಾಗಿಯೇ ಇತ್ತು, ಮಳೆ ಮಳೆಯ ದೂರದಲ್ಲೇ ಇತ್ತು. ಮಂದ್ರ ತುಸು ತೆಳುವೆನಿಸಿತು. ಕಿವಿಯೊಳಗೆ ಕೂರುವ ರಬ್ಬರಿನ ಟೊಪ್ಪಿಗೆಯನ್ನು ಒಂದಳತೆ ದೊಡ್ಡದಕ್ಕೆ ಬದಲಿಸಿದಾಗ ಅದೂ ತುಂಬಿಕೊಂಡಿತು. ಸಂದಿನಲ್ಲಿ ಗಾಳಿ ಸೋರಿದರೆ ಮೊದಲು ಸೋರಿಹೋಗುವುದು ಮಂದ್ರವೇ. ನನ್ನ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕಾಯಿತು. ಇಷ್ಟು ವರ್ಷ ಜೊತೆಗಿದ್ದ ಕಿವಿಗಳ ಬಗ್ಗೆ ಇದು ನನಗೆ ತಿಳಿದಿರಲಿಲ್ಲ. ಸರಿಯಾಗಿ ಕೂತ ಮೇಲೆ ಎಸ್.ಪಿ. ರಸ್ತೆಯ ಗದ್ದಲ ಹೊರಗೆ ಉಳಿಯಿತು, ದನಿಯನ್ನು ಬಹಳಷ್ಟು ತಗ್ಗಿಸಬಹುದಾಯಿತು. ಅಗ್ಗದ್ದೋ ದುಬಾರಿಯದೋ, ತಗ್ಗಿಸಿ ಕೇಳಲು ಬಿಡುವ ಸಾಧನವೇ ಒಳ್ಳೆಯದೆಂದು ನನಗನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 89ಕ್ಕೆ ಹೋದರೆ ಉಳಿಯುವುದು ಐದೇ ಗಂಟೆ.

ಏಕೆಂದರೆ ಕಿವಿಯೂ ಒಂದು ಸುರುಳಿಯೇ. ಶಂಖದಂತೆ ಸುತ್ತಿಕೊಂಡ ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳೊಡನೆ ಹುಟ್ಟುತ್ತೇವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ತಾರಧ್ವನಿಗಳನ್ನು ಹಿಡಿಯುವ ಕೋಶಗಳು ಬಾಗಿಲ ಬಳಿಯಲ್ಲೇ ಇವೆ, ಮೊದಲು ಹೋಗುವವೂ ಅವೇ. ಎಳೆಯ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳುತ್ತದೆ. ಐವತ್ತು ದಾಟಿದ ಹೆಚ್ಚಿನವರಿಗೆ 12,000ದ ಮೇಲಿನದು ಕೇಳುವುದು ಕಷ್ಟ. ಆ ಸುಯ್ಲಿನ ಬಹುಪಾಲು ಇರುವುದು ಮೇಲಿನ ಮಜಲುಗಳಲ್ಲಿ. ಎಂಬತ್ತರ ದಶಕದಲ್ಲಿ ನಡುಮನೆಯಲ್ಲಿ ಕೇಳಿದ ಮಳೆಯಲ್ಲಿ ಒಂದಷ್ಟು ಹನಿಗಳು ಈಗ ನನ್ನ ಪಾಲಿಗೆ ಬೀಳುವುದೇ ಇಲ್ಲ. ಅವು ಸುರುಳಿಯಲ್ಲಿ ಇಲ್ಲವೋ ನನ್ನಲ್ಲಿ ಇಲ್ಲವೋ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನಿಗೆ ಇನ್ನೂ ಕಡಿಮೆ ಕೇಳುತ್ತಿರಬಹುದು.

ಶಿವಮೊಗ್ಗದಲ್ಲಿ ಅವಳ ಮನೆಯ ಜಗಲಿಯ ಮೇಲೆ ಕೂತೆವು. ತಂತಿಯ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಅದು ಸಾಲುವಷ್ಟೇ ಉದ್ದವಿದ್ದುದರಿಂದ ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು. ಹೀಗೆ ಕೂತು ಎಷ್ಟು ವರ್ಷವಾಗಿತ್ತೋ. ಯಾವ ಹಾಡೆಂದು ಹೇಳಿರಲಿಲ್ಲ. ಮೊದಲ ಚರಣ ಮುಗಿಯಿತು, ಎರಡನೆಯದು ಬಂತು. ಆ ಸಾಲು ಮಂಕಾಗಿ ಹಾದುಹೋಗುವಾಗ ನಾನು ಅವಳ ಮುಖ ನೋಡಿದೆ. ಅವಳಿಗೆ ಮಂಕು ಮಂಕಾಗಿ ಕೇಳಿತೋ, ಅವಳ ಕಿವಿಗೆ ಇಡೀ ಹಾಡೇ ಆ ಪರದೆಯ ಆಚೆಗಿತ್ತೋ, ಗೊತ್ತಾಗಲಿಲ್ಲ. ಅವಳ ಹೆಬ್ಬೆರಳು ಮಾತ್ರ ಸೆರಗಿನ ಅಂಚನ್ನು ಒಮ್ಮೆ ಒತ್ತಿತು.

“ಸ್ವಲ್ಪ ಹಿಂದಕ್ಕೆ ಹಾಕೋ” ಎಂದಳು.

ಮೊಬೈಲಿನ ಗಾಜಿನ ಮೇಲೆ ನನ್ನ ಬೆರಳು ಲೆಕ್ಕ ತಪ್ಪಿತು. ಹಾಡು ಆ ಸಾಲಿಗೆ ನಿಲ್ಲದೆ ಪೂರ್ತಿ ಮೊದಲಿಗೇ ಹೋಯಿತು. ಸರಿಪಡಿಸಲು ಹೋದೆ, ಇರಲಿ ಬಿಡು ಎಂಬಂತೆ ಅವಳು ನನ್ನ ಕೈ ಹಿಡಿದಳು. ಸುಯ್ಯೆನ್ನುವ ಸದ್ದು. ಅಂಗಳದಲ್ಲಿ ತೆಂಗಿನ ಗರಿಗಳು ಅಲುಗುತ್ತಿದ್ದವು. ಕಂಠ ಇನ್ನೂ ಎದ್ದಿರಲಿಲ್ಲ. ಪಕ್ಕದಲ್ಲಿ ಅಕ್ಕ ಮೆಲ್ಲಗೆ ಉಸಿರೆಳೆದುಕೊಂಡಳು.